ಹತ್ತು ಕಾಳಿನ ಭಯ

ಊರಿನ ಅತ್ತೆಯರು ನಾಲ್ಕು ಜನ ಕೂಡಿದರೆ ದೂರು ಒಂದೇ: ಸೊಸೆಗೆ ಬಾಯಿ ಜೋರು. ಸಾರಿ-ಆರ್ಚಾ ಊರಿನ ಕಾಲಿಚಾಗೆ ಮಾತ್ರ ಆ ದೂರಿರಲಿಲ್ಲ. ಅವಳ ಸೊಸೆ ಐಸುಲು ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಅವಳ ದನಿ ಹೇಗಿದೆ ಅನ್ನುವುದು ಅಕ್ಕಪಕ್ಕದವರಿಗೆ ಇನ್ನೂ ಗೊತ್ತಿರಲಿಲ್ಲ. ಮನೆಗೆ ಯಾರಾದರೂ ಬಂದರೆ ಬಾಗಿ ವಂದಿಸುವಳು, ಅಲ್ಲಿನ ಮರ್ಯಾದೆಯಂತೆ ಬಟ್ಟಲಿಗೆ ಅರ್ಧ ಚಹಾ ಬಗ್ಗಿಸುವಳು, ಅಡುಗೆಮನೆ ಸೇರಿಬಿಡುವಳು.

ಅಂಗಡಿಗೆ ಹೋಗಿ ಬಾ ಎಂದರೆ ಹುಡುಗಿಯ ಕಣ್ಣಲ್ಲಿ ನೀರು. ಹಾಗಾಗಿ ಅಂಗಡಿಗೆ ಕಾಲಿಚಾಳೇ ಹೋಗುವಳು. ಫೋನು ಬಂದರೆ ಕಾಲಿಚಾಳೇ ಎತ್ತುವಳು. ಆರೋಗ್ಯ ಕೇಂದ್ರದಲ್ಲಿ ಡಾಕ್ಟರು "ಎಲ್ಲಿ ನೋವಮ್ಮಾ" ಎಂದು ಐಸುಲುವನ್ನು ಕೇಳಿದರೆ, ಪಕ್ಕದಲ್ಲಿ ಕೂತ ಕಾಲಿಚಾ "ಹೊಟ್ಟೇಲಿ" ಎನ್ನುವಳು. ಮನೆಯೊಳಗೆ ಅತ್ತೆಯ ಹತ್ತಿರ, ಗಂಡನ ಹತ್ತಿರ ಹುಡುಗಿ ಮೆಲ್ಲಗೆ ನಾಲ್ಕು ಮಾತಾಡುತ್ತಿದ್ದಳು. ಹೊಸ್ತಿಲು ದಾಟಿದರೆ ಅದೂ ಇಲ್ಲ.

"ನನ್ನ ಸೊಸೆಗೆ ಬಾಯೇ ಇಲ್ಲ" ಎಂದು ಕಾಲಿಚಾ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದಳು. ಹೇಳುವಾಗ ಅವಳ ಮುಖ ಊರಗಲ ಆಗುತ್ತಿತ್ತು.

ಆ ಕಡೆ ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ತರುವಂತಿಲ್ಲ. ಐಸುಲುವಿನ ಮಾವನ ಹೆಸರು ತಾಶ್ತಾನ್. ಅವರ ಭಾಷೆಯಲ್ಲಿ ತಾಶ್ ಎಂದರೆ ಕಲ್ಲು. ಆದ್ದರಿಂದ ಕಾಳು ಆರಿಸುವಾಗ ಕಲ್ಲು ಸಿಕ್ಕರೂ ಹುಡುಗಿ ಆ ಮಾತು ಆಡುತ್ತಿರಲಿಲ್ಲ. "ಗಟ್ಟಿ ಇದೆ, ಎನೆ" ಎನ್ನುವಳು. ಎನೆ ಎಂದರೆ ಅಮ್ಮ. ಈ ಕಥೆಯನ್ನು ಕಾಲಿಚಾ ಹೋದಲ್ಲೆಲ್ಲ ಹೇಳಿ ಹೇಳಿ ಸವೆಸಿದ್ದಳು.

ಸೆಪ್ಟೆಂಬರ್ ಕೊನೆಯ ಒಂದು ದಿನ. ತಲಾಸ್ ಕಣಿವೆಯಲ್ಲಿ ಬೀನ್ಸ್ ಕಾಳಿನ ಒಕ್ಕಣೆ ಮುಗಿದು ಎಲ್ಲರ ಅಂಗಳದಲ್ಲೂ ಬಿಳಿ ರಾಶಿ. ಮಗ ಮಕ್ಸಾತ್ ಕಾಳಿನ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಊರಿನ ಆ ತುದಿಯಲ್ಲಿ ಗೆಳತಿ ಶರೀಪಾಳ ಮೊಮ್ಮಗನ ತೊಟ್ಟಿಲ ಹಬ್ಬ. ಕಾಲಿಚಾ ಬೆಳಿಗ್ಗೆಯೇ ಹೊಸ ತಲೆವಸ್ತ್ರ ಕಟ್ಟಿಕೊಂಡು ಹೊರಟಳು. ಮನೆಯಲ್ಲಿ ಉಳಿದವರು ಗಂಡ ತಾಶ್ತಾನ್ ಮತ್ತು ಸೊಸೆ, ಇಬ್ಬರೇ.

ಊಟದ ಹಾಸಿನ ಸುತ್ತ ಅರವತ್ತು ಜನ. ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೂರ್ಸೊಕ್, ರಾಶಿ ಬಿದ್ದಿತ್ತು, ಮಾಂಸ ಇನ್ನೂ ಬರಬೇಕಿತ್ತು. ಅಷ್ಟರಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದ ಶರೀಪಾ ಕಾಲಿಚಾಳ ಮೊಣಕೈ ತಿವಿದಳು.

"ಅಲ್ನೋಡೇ. ನಿನ್ನ ಸೊಸೆ ನಮ್ಮ ಗೇಟಿನ ಹತ್ರ ನಿಂತಿದಾಳೆ."

"ನನ್ ಸೊಸೇನಾ?"

"ಆಗ್ಲೇ ಒಳಗೆ ಬಾ ಅಂತ ಕರೆದೆ. ತಲೆ ಎತ್ತಲಿಲ್ಲ. ಹಿರಿಯರು ಕೂತಿರೋ ಕಡೆ ನುಗ್ಗಬಾರದು ಅಂತ ಅಲ್ಲೇ ನಿಂತ್ಬಿಟ್ಟಿದಾಳೆ. ನನ್ನ ಸೊಸೆಯಾಗಿದ್ರೆ ಇಷ್ಟೊತ್ತಿಗೆ ಮಾಂಸದ ತಟ್ಟೆ ಮುಂದೆ ಕೂತಿರೋಳು."

ಸುತ್ತಲಿನ ಹೆಂಗಸರು ಕಿಟಕಿಗೆ ಬಗ್ಗಿದರು. ಎಂಥಾ ನಯ, ಎಂಥಾ ಸಂಸ್ಕಾರ ಎಂದರು. ಕಾಲಿಚಾ ಕೂಡಲೇ ಏಳಲಿಲ್ಲ. ಇನ್ನಷ್ಟು ಜನ ನೋಡಲಿ ಎಂದು ಕೂತಳು. ಇನ್ನೊಂದು ಅರ್ಧ ಬಟ್ಟಲು ಚಹಾ ಬಗ್ಗಿಸಿಕೊಂಡಳು. ಗಟ್ಟಿ ಕಥೆಯನ್ನು ಮತ್ತೊಮ್ಮೆ ಹೇಳಿದಳು. ಆಮೇಲೆ ನಿಧಾನವಾಗಿ ಎದ್ದು ಹೊರಗೆ ಬಂದಳು.

ಹತ್ತಿರ ಬಂದು ನೋಡಿದರೆ ಹುಡುಗಿಯ ಕಾಲಲ್ಲಿ ಚಪ್ಪಲಿಯಿಲ್ಲ. ಮುಖ ಸುಣ್ಣದ ಹಾಗಿತ್ತು. ತುಟಿ ಅದುರುತ್ತಿತ್ತು, ದನಿ ಬರುತ್ತಿರಲಿಲ್ಲ. ಕಾಲಿಚಾ ಅವಳ ಬಾಯಿಯ ಹತ್ತಿರ ಕಿವಿ ಇಟ್ಟಳು.

"ಅತಾ ಬಿದ್ದಿದಾರೆ," ಎಂದಳು ಐಸುಲು. ಅತಾ ಎಂದರೆ ಅಪ್ಪ; ಅವಳು ಹೇಳಿದ್ದು ಮಾವನನ್ನು, ಕಾಲಿಚಾಳ ಗಂಡನನ್ನು.

ಕಾಲಿಚಾಳ ಕೈಯಲ್ಲಿ ಇನ್ನೂ ಅರ್ಧ ಕಚ್ಚಿದ ಬೂರ್ಸೊಕ್ ಇತ್ತು.

ಶರೀಪಾಳ ಮಗ ಕಾರು ತೆಗೆದ. ಮನೆಗೆ ಹೋಗಿ ನೋಡಿದರೆ ತಾಶ್ತಾನ್ ಒಲೆಯ ಪಕ್ಕ ನೆಲದ ಮೇಲಿದ್ದ. ತಲೆಯ ಕೆಳಗೆ ದಿಂಬು, ಮೈಮೇಲೆ ರಜಾಯಿ. ಸೊಸೆ ಹೊದಿಸಿ ಬಂದಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಪಟ್ಟಣದ ಆಸ್ಪತ್ರೆಗೆ ಒಯ್ದರು. ಪಾರ್ಶ್ವವಾಯು ಎಂದರು ಡಾಕ್ಟರು. ಎಷ್ಟು ಹೊತ್ತಿಗೆ ಬಿದ್ದರು ಎಂದು ಮೂರು ಸಲ ಕೇಳಿದರು. "ಇಂಥಾದ್ರಲ್ಲಿ ಮೊದಲ ಗಂಟೆಗಳೇ ಮುಖ್ಯ, ಒಂದೊಂದು ನಿಮಿಷಕ್ಕೂ ಬೆಲೆ ಇದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಜೀವ ಉಳಿಯಿತು. ಆದರೆ ಬಲಗೈ ಸತ್ತ ಹಾಗೆ ಜೋತು ಬಿತ್ತು, ಮಾತು ಹೋಯಿತು. ಊರಿಗೆಲ್ಲ ಕೇಳುವಂತೆ ಕುದುರೆಗೆ ಬಯ್ಯುತ್ತಿದ್ದ ಗಂಡಸು ಈಗ "ಊ, ಊ" ಅನ್ನುತ್ತಿದ್ದ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕಾಲಿಚಾಳ ಸಿಟ್ಟು ಒಡೆಯಿತು.

"ಫೋನು ಮೂಲೆಯಲ್ಲೇ ಇತ್ತಲ್ಲೇ. ಆಂಬುಲೆನ್ಸಿಗೆ ನೂರಾ ಮೂರು ಒತ್ತೋಕೆ ಆಗ್ಲಿಲ್ವಾ? ಗೇಟಿನ ಹತ್ರ ಕಂಬದ ಹಾಗೆ ನಿಂತಿದ್ಯಲ್ಲ, ಒಂದು ಸಲ ಎನೆ ಅಂತ ಕೂಗಬಾರದಿತ್ತಾ? ಬಾಯಿ ಇಲ್ವೇನೇ ನಿಂಗೆ?"

ಐಸುಲು ಫೋನು ತಂದು ಅತ್ತೆಯ ಮಡಿಲಲ್ಲಿ ಇಟ್ಟು, ಆ ದಿನದ ಕರೆಗಳ ಪಟ್ಟಿ ತೆಗೆದು ತೋರಿಸಿದಳು. ನೂರಾ ಮೂರು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಒಮ್ಮೆ. ಹತ್ತು ಹನ್ನೊಂದಕ್ಕೆ ಒಮ್ಮೆ. ಹತ್ತು ಹದಿನಾಲ್ಕಕ್ಕೆ, ಹತ್ತು ಇಪ್ಪತ್ತಕ್ಕೆ. ನಾಲ್ಕು ಸಲ. ಪ್ರತಿ ಸಲವೂ ಆ ಕಡೆಯವರು ಎತ್ತಿದ್ದರು. ಪ್ರತಿ ಸಲವೂ ಅರ್ಧ ನಿಮಿಷ.

"ಯಾರ ಮನೆ, ಯಾರ ಮನೆ ಅಂತ ಕೇಳ್ತಾನೇ ಇದ್ರು ಎನೆ. ಗಂಟಲು ಕಟ್ಕೊಂಡ್ಬಿಡ್ತು," ಎಂದಳು ಹುಡುಗಿ.

ಕಾಲಿಚಾ ಹತ್ತು ಹತ್ತಕ್ಕೆ ತಾನೆಲ್ಲಿದ್ದೆ ಎಂದು ಲೆಕ್ಕ ಹಾಕಿದಳು. ಹುಡುಗಿ ಗೇಟಿಗೆ ಬಂದಾಗ ಹತ್ತೂವರೆ. ತಾನು ಹೊರಗೆ ಬಂದಾಗ ಹನ್ನೊಂದು. ಗಂಡನ ಅರ್ಧ ಗಂಟೆಯನ್ನು ತಾನು ಚಹಾದ ಜೊತೆ ಕುಡಿದಿದ್ದಳು. ಹೊಗಳಿಕೆಯ ಜೊತೆ ಕುಡಿದಿದ್ದಳು.

ಶರೀಪಾ ಬಂದು ತನ್ನ ಔಷಧಿ ಹೇಳಿದಳು. ಹುಡುಗಿಯ ತಲೆಯ ಮೇಲೆ ನೀರಿನ ಬಟ್ಟಲು ಹಿಡಿದು, ಆ ನೀರಿಗೆ ಕರಗಿಸಿದ ಸೀಸ ಹುಯ್ಯಬೇಕು, ಹೆದರಿಕೆ ಬಿಟ್ಟುಹೋಗುತ್ತದೆ. ಹುಯ್ದರು. ಸೀಸ ಚಟೀರ್ ಎಂದಿತು, ಹುಡುಗಿ ಮೂರು ದಿನ ಜ್ವರ ಬಂದು ಮಲಗಿದಳು. ಜ್ವರದ ಮಾತ್ರೆಗೆಂದು ಆರೋಗ್ಯ ಕೇಂದ್ರಕ್ಕೆ ಹೋದಾಗ ಅಲ್ಲಿನ ನರ್ಸು, "ಗುರುವಾರ ಗುರುವಾರ ಪಟ್ಟಣದಿಂದ ಬೆರ್ಮೆತ್ ಅಂತ ಆಪ್ತಸಮಾಲೋಚಕಿ ಬರ್ತಾರೆ, ತೋರಿಸಿ" ಎಂದಳು.

ಕಾಲಿಚಾಗೆ ನಂಬಿಕೆ ಬರಲಿಲ್ಲ. ಮಾತಾಡಿಸೋಕೂ ಒಬ್ಬಳು ಡಾಕ್ಟರಾ ಎಂದು ಗೊಣಗಿದಳು. ಆದರೆ ಮಗನಿಗೆ ಲಾರಿ ಬಿಟ್ಟು ಕೂರಲು ಆಗುವುದಿಲ್ಲ. ತಾನು ಹೊರಗೆ ಹೋದಾಗಲೆಲ್ಲ ಮನೆಯಲ್ಲಿ ಉಳಿಯುವವರು ಮಾತು ಹೋದ ಗಂಡ, ಮಾತು ಬಾರದ ಸೊಸೆ. ಇನ್ನೊಂದು ಸಲ ಏನಾದರೂ ಆದರೆ ಯಾರು ಕೂಗುವವರು? ಈ ಒಂದು ಯೋಚನೆ ಅವಳನ್ನು ಗುರುವಾರ ಎಳೆದುಕೊಂಡು ಹೋಯಿತು.

ಬೆರ್ಮೆತ್ ನಲವತ್ತರ ಹೆಂಗಸು. ಕೋಣೆಯಲ್ಲಿ ಔಷಧಿ ಬಾಟಲಿಯಿಲ್ಲ, ಮೂರು ಕುರ್ಚಿ, ಒಂದು ಮೇಜು.

"ಏನಮ್ಮಾ, ಯಾವಾಗಿಂದ ಈ ಹೆದರಿಕೆ?" ಎಂದು ಐಸುಲುವನ್ನು ಕೇಳಿದಳು.

"ಚಿಕ್ಕಂದಿನಿಂದ," ಎಂದಳು ಕಾಲಿಚಾ.

ಬೆರ್ಮೆತ್ ನಕ್ಕಳು. "ಕಾಲಿಚಾ ಏಜೆ, ನಿಮ್ಮ ಜೇಬಲ್ಲಿ ಕಾಳಿರಬೇಕಲ್ವಾ?" ಏಜೆ ಎಂದರೆ ಅಕ್ಕ.

ಒಕ್ಕಣೆಯ ಕಾಲದಲ್ಲಿ ಆ ಕಣಿವೆಯಲ್ಲಿ ಯಾರ ಜೇಬಲ್ಲಿ ಕಾಳಿಲ್ಲ? ಕಾಲಿಚಾ ಕೋಟಿನಿಂದ ಒಂದು ಹಿಡಿ ತೆಗೆದು ಮೇಜಿನ ಮೇಲೆ ಸುರಿದಳು. ಬೆರ್ಮೆತ್ ಖಾಲಿ ಬಟ್ಟಲೊಂದನ್ನು ಹುಡುಗಿಯ ಮುಂದೆ ಸರಿಸಿದಳು.

"ನೀನೀಗ ಮಾತಾಡೋದೇ ಬೇಡ. ನಾನು ಒಂದೊಂದು ಕೆಲಸ ಹೇಳ್ತೀನಿ. ಅದಕ್ಕೆ ಎಷ್ಟು ಭಯವೋ ಅಷ್ಟು ಕಾಳು ಹಾಕು. ಭಯ ಇಲ್ಲದಿದ್ರೆ ಖಾಲಿ ಬಿಡು. ಪ್ರಾಣ ಹೋದ ಹಾಗಾದ್ರೆ ಹತ್ತು. ಗೊತ್ತಾಯ್ತಾ? ಗಂಡನ ಜೊತೆ ಮಾತಾಡೋಕೆ?"

ಬಟ್ಟಲು ಖಾಲಿ ಉಳಿಯಿತು.

"ಅತ್ತೆ ಜೊತೆ?"

ಐಸುಲು ಎರಡು ಕಾಳು ಹಾಕಿದಳು.

"ನಂಗೂ ಎರಡಾ?" ಎಂದಳು ಕಾಲಿಚಾ. ಹುಡುಗಿ ಒಂದು ಕಾಳು ವಾಪಸು ತೆಗೆಯಹೋದಳು, ಬೆರ್ಮೆತ್ ಬೇಡವೆಂದು ಕೈ ತಡೆದಳು.

ಬಂದವರಿಗೆ "ಚಹಾ ತಗೊಳ್ಳಿ" ಅನ್ನಲು ಐದು. ಅಂಗಡಿಯಲ್ಲಿ ರೊಟ್ಟಿ ಕೇಳಲು ಏಳು. ಜನರ ಮಧ್ಯೆ ಅತ್ತೆಯನ್ನು ಕೂಗಲು ಒಂಬತ್ತು. ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡಲು ಹತ್ತು.

"ಅವರು ಯಾರ ಮನೆ ಅಂತ ಕೇಳಿದ್ರೆ, ಮಾವನ ಹೆಸರು ಹೇಳೋಕೆ?"

ಐಸುಲು ಮೇಜಿನ ಮೇಲಿದ್ದ ಕಾಳನ್ನೆಲ್ಲ ಬಳಿದು ಬಟ್ಟಲಿಗೆ ತುಂಬಿದಳು. ಕಾಳು ಹೊರಗೆ ಚೆಲ್ಲಿತು. ಇಷ್ಟು ಭಯವನ್ನು ಎರಡು ವರ್ಷ ಒಂದೇ ಸೂರಿನ ಕೆಳಗೆ ಇಟ್ಟುಕೊಂಡು ತನಗೆ ಕಾಣಲಿಲ್ಲವಲ್ಲ ಎಂದು ಕಾಲಿಚಾ ಬೆಚ್ಚಿದಳು.

ಹುಡುಗಿ ಮೆಲ್ಲಗೆ ಒಂದೊಂದೇ ಮಾತು ಜೋಡಿಸಿ ಹೇಳಿದಳು. ಒಂಬತ್ತು ವರ್ಷದವಳಿದ್ದಾಗ ಶಾಲೆಯ ಸಭೆಯಲ್ಲಿ ಪದ್ಯ ಹೇಳಲು ನಿಂತು, ಎರಡನೇ ಸಾಲು ಮರೆತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು. ಇಡೀ ಸಭೆ ನಕ್ಕಿತ್ತು. ಅಂದಿನಿಂದ ನಾಲ್ಕು ಜನ ಕಂಡರೆ ಗಂಟಲು ಕಟ್ಟುತ್ತದೆ. ಅವಳು ಮಾತು ಮುಗಿಸಿದಾಗ ಕಾಲಿಚಾ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು.

"ಈಗ ನಿಮ್ಮನ್ನ ಕೇಳ್ತೀನಿ ಏಜೆ," ಎಂದಳು ಬೆರ್ಮೆತ್. "ಅಂಗಡಿಗೆ ಹೋಗು ಅಂದ್ರೆ ಇವಳು ಏನು ಮಾಡ್ತಾಳೆ?"

"ಅಳ್ತಾಳೆ."

"ಆಮೇಲೆ?"

"ನಾನೇ ಹೋಗ್ತೀನಿ."

"ಆಗ ಇವಳಿಗೆ ಏನಾಗುತ್ತೆ?"

"ಏನಾಗುತ್ತೆ, ಉಸಿರು ಬಿಡ್ತಾಳೆ. ನಿರಾಳ."

"ಊರವರು ಏನಂತಾರೆ?"

"ಒಳ್ಳೇ ಸೊಸೆ ಅಂತಾರೆ."

"ಅಂದ್ರೆ ಹೆದರಿ ಹಿಂದೆ ಸರಿದಾಗೆಲ್ಲ ನಿರಾಳ ಸಿಕ್ತು, ಮೇಲಿಂದ ಹೊಗಳಿಕೆ ಸಿಕ್ತು. ದಿನಾ ಬಾಗಿಲಿಗೆ ಬಂದ ನಾಯಿಗೆ ಮೂಳೆ ಹಾಕಿದ್ರೆ ನಾಯಿ ಏನು ಮಾಡುತ್ತೆ?"

ಕಾಲಿಚಾಗೆ ಉತ್ತರ ಗೊತ್ತಿತ್ತು. ಎರಡು ವರ್ಷದಿಂದ ಆ ನಾಯಿಗೆ ಮೂಳೆ ಹಾಕಿದವಳು ತಾನು.

"ಹಾಗಾದ್ರೆ ತಪ್ಪೆಲ್ಲ ನಂದೇ ಅನ್ನಿ," ಎಂದಳು ಸಣ್ಣ ದನಿಯಲ್ಲಿ.

"ತಪ್ಪಲ್ಲ, ಪ್ರೀತಿ. ಆದ್ರೆ ಆ ಪ್ರೀತಿ ಭಯಕ್ಕೆ ಊಟ ಆಯ್ತು. ಇದಕ್ಕೆ ವರ್ತನಾ ಚಿಕಿತ್ಸೆ ಅಂತ ಇದೆ. ಭಯ ಹುಟ್ಟಿದಾಗಿಂದ ಬಂದಿದ್ದಲ್ಲ, ಕಲಿತಿದ್ದು. ಕಲಿತಿದ್ದನ್ನ ಬಿಡೋದನ್ನೂ ಕಲೀಬಹುದು. ಒಂದು ಏಣಿ ಮಾಡೋಣ. ಕಮ್ಮಿ ಕಾಳಿನ ಕೆಲಸ ಕೆಳಗೆ, ಜಾಸ್ತಿ ಕಾಳಿಂದು ಮೇಲೆ. ಒಂದೊಂದೇ ಮೆಟ್ಟಿಲು. ಭಯ ಬಂದ ತಕ್ಷಣ ಓಡಬಾರದು. ಮೂಗಲ್ಲಿ ಉಸಿರು ತಗೊಂಡು, ಬಿಸಿ ಚಹಾ ಆರಿಸೋ ಹಾಗೆ ಬಾಯಲ್ಲಿ ನಿಧಾನ ಬಿಡಬೇಕು. ಅಲ್ಲೇ ನಿಂತಿದ್ರೆ ಕಾಳು ತಾನೇ ಕಮ್ಮಿ ಆಗುತ್ತೆ. ಅದು ಎರಡು ಕಾಳಿಗೆ ಇಳಿಯೋವರೆಗೂ ಅದೇ ಮೆಟ್ಟಿಲು, ದಿನಾ. ಆಮೇಲೆ ಮುಂದಿಂದು. ಯಾವ ಮೆಟ್ಟಿಲು ಯಾವಾಗ ಅಂತ ಹೇಳೋಳು ಐಸುಲು. ನೀವೂ ಅಲ್ಲ, ನಾನೂ ಅಲ್ಲ."

"ಮತ್ತೆ ನಾನು ಏನು ಮಾಡ್ಬೇಕು?"

"ಬಾಯಿ ಮುಚ್ಕೊಂಡಿರಬೇಕು. ಅವಳ ಉತ್ತರ ನೀವು ಕೊಡಬಾರದು. ಅವಳು ಒಂದು ಮಾತಾಡಿದ್ರೂ ಆಗಲೇ ಶಭಾಷ್ ಅನ್ನಬೇಕು. ನಾಳೆ ಅಲ್ಲ, ಆಗಲೇ."

"ಆಯ್ತು. ಆದ್ರೆ ಆ ತುದಿಯ ಮೆಟ್ಟಿಲು ತೆಗೆದುಹಾಕಿ," ಎಂದಳು ಕಾಲಿಚಾ. "ಮಾವನ ಹೆಸರು ಹೇಳದೇ ಇರೋದು ಭಯ ಅಲ್ಲ. ಅದು ಮರ್ಯಾದೆ. ನಾನೂ ನನ್ನ ಮಾವನ ಹೆಸರು ಹೇಳಿಲ್ಲ, ಸತ್ತ ಮೇಲೂ ಹೇಳಿಲ್ಲ."

"ನಿಮ್ಮ ಮರ್ಯಾದೆಗೆ ನಾನು ಕೈ ಹಾಕಲ್ಲ ಏಜೆ. ಆದ್ರೆ ಆಂಬುಲೆನ್ಸಿನವನಿಗೆ ಮನೆ ಸಿಗಬೇಕಲ್ಲ?"

"ಗಂಡನ ಹೆಸರು ಹೇಳಲಿ. ಸಾಕು."

ಬೆರ್ಮೆತ್ ವಾದ ಮಾಡಲಿಲ್ಲ. ಐಸುಲು ಕಾಳನ್ನು ಹೆಕ್ಕಿ ತನ್ನ ಜೇಬಿಗೆ ಹಾಕಿಕೊಂಡಳು.

ಮನೆಯಲ್ಲಿ ಏಣಿ ಶುರುವಾಯಿತು. ದಿನಾ ಸಂಜೆ ಶರೀಪಾ ಚಹಾಕ್ಕೆ ಬರಬೇಕೆಂದು ಗೊತ್ತಾಯಿತು. ಪುಕ್ಕಟೆ ಚಹಾ ಎಂದರೆ ಶರೀಪಾ ತಪ್ಪಿಸಿಕೊಳ್ಳುವ ಹೆಂಗಸಲ್ಲ. ಐಸುಲು ಬಟ್ಟಲು ಹಿಡಿದು ನಿಲ್ಲುವಳು, ಬಟ್ಟಲು ತಟ್ಟೆಯ ಮೇಲೆ ಗಡಗಡ ಎನ್ನುವುದು. "ಚಹಾ ತಗೋ ಅಂತಿದಾಳೆ" ಎಂಬ ಮಾತು ಕಾಲಿಚಾಳ ನಾಲಿಗೆ ತುದಿಗೆ ಬರುವುದು. ಬಂದಾಗಲೆಲ್ಲ ಅವಳು ಒಂದು ತುಂಡು ರೊಟ್ಟಿ ಬಾಯಿಗೆ ತುರುಕಿಕೊಳ್ಳುವಳು. ಮೊದಲ ವಾರದಲ್ಲಿ ಕಾಲಿಚಾ ತಿಂದ ರೊಟ್ಟಿಗೆ ಲೆಕ್ಕವಿಲ್ಲ. ಎಂಟನೇ ದಿನ ಹುಡುಗಿ "ಚಹಾ ತಗೊಳ್ಳಿ" ಎಂದಳು. ಶರೀಪಾಗೆ ಅಚ್ಚರಿಯಿಂದ ಬಟ್ಟಲು ಹಿಡಿಯುವುದೇ ಮರೆತುಹೋಯಿತು. ಮೂಲೆಯಲ್ಲಿ ಹಾಸಿಗೆಯ ಮೇಲಿದ್ದ ತಾಶ್ತಾನ್ ಎಡಗೈಯಲ್ಲಿ ಊರುಗೋಲು ಹಿಡಿದು ನೆಲಕ್ಕೆ ಮೂರು ಸಲ ಕುಟ್ಟಿದ. ಅಂದಿನಿಂದ ಅದೇ ಅವನ ಶಭಾಷ್.

ಇಷ್ಟಕ್ಕೇ ಕಾಲಿಚಾಗೆ ಕೊಂಬು ಬಂತು. ಒಂದೊಂದೇ ಮೆಟ್ಟಿಲು ಯಾಕೆ, ಒಂದೇ ಸಲಕ್ಕೆ ಮುಗಿಸಿಬಿಡೋಣ ಎಂದುಕೊಂಡಳು. ನವೆಂಬರಿನಲ್ಲಿ ನೆಂಟರ ಮದುವೆ. ಅವರ ಔತಣಗಳಲ್ಲಿ ಕೂತವರೆಲ್ಲ ಸರದಿಯ ಪ್ರಕಾರ ಎದ್ದು ಹಾರೈಕೆಯ ಮಾತಾಡಬೇಕು. ಕಾಲಿಚಾ ಯಾರಿಗೂ ಹೇಳದೆ ಸೊಸೆಯನ್ನು ಕರೆದುಕೊಂಡು ಹೋಗಿ, ಮೈಕು ಅವಳ ಕೈಗೆ ಕೊಡಿಸಿಬಿಟ್ಟಳು.

ಐಸುಲು ಎದ್ದು ನಿಂತಳು. ನೂರು ಜನ ನೋಡಿದರು. ಮೈಕಿನಲ್ಲಿ ಅವಳ ಉಸಿರಾಟ ಮಾತ್ರ ದೊಡ್ಡದಾಗಿ ಕೇಳಿಸಿತು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ಮೈಕು ಬಿಟ್ಟು ಓಡಿದಳು. ಹೋಗಿ ನೋಡಿದರೆ ದನದ ಕೊಟ್ಟಿಗೆಯ ಹುಲ್ಲಿನಲ್ಲಿ ಮುಖ ಹುದುಗಿಸಿ ಬಿದ್ದಿದ್ದಳು. ಮುಂದಿನ ಹದಿನೈದು ದಿನ ಮನೆಯಲ್ಲೂ ಒಂದು ಮಾತಾಡಲಿಲ್ಲ. ಅತ್ತೆಯ ಜೊತೆ ಮಾತಾಡಲು ಎಷ್ಟು ಎಂದು ಬೆರ್ಮೆತ್ ಕೇಳಿದಾಗ ಬಟ್ಟಲಿಗೆ ಈಗ ಎರಡಲ್ಲ, ಆರು ಕಾಳು ಬಿದ್ದವು. ಬಿದ್ದ ಒಂದೊಂದು ಕಾಳೂ ಕಾಲಿಚಾಳ ಎದೆಗೆ ಬಡಿಯಿತು.

"ಏಣಿ ಹತ್ತಿಸಿ ಅಂದ್ರೆ ಮಾಳಿಗೆಯಿಂದ ತಳ್ಳಿದ್ರಲ್ಲ ಏಜೆ," ಎಂದಳು ಬೆರ್ಮೆತ್. ಬಯ್ಯಲಿಲ್ಲ, ಅಷ್ಟೇ ಹೇಳಿದಳು. "ಈಗ ಅವಳು ನಿಮ್ಮನ್ನ ಮತ್ತೆ ನಂಬಬೇಕು. ಅದೇ ಮೊದಲ ಮೆಟ್ಟಿಲು."

ಕಾಲಿಚಾ ಜೀವನದಲ್ಲಿ ಮೊದಲ ಸಲ ಸೊಸೆಯ ಕ್ಷಮೆ ಕೇಳಿದಳು. ಕೇಳುವಾಗ ಅವಳ ಗಂಟಲೂ ಕಟ್ಟಿತು. ಗಂಟಲು ಕಟ್ಟುವುದು ಎಂದರೆ ಏನೆಂದು ಆಗ ಸ್ವಲ್ಪ ಗೊತ್ತಾಯಿತು.

ಮತ್ತೆ ಕೆಳಗಿನಿಂದ ಶುರು. ಚಹಾ. ಆಮೇಲೆ ಅಂಗಡಿ. ಮೊದಲು ಅಂಗಡಿಯ ಬಾಗಿಲವರೆಗೆ ಹೋಗಿ ನಿಂತು ಬರುವುದು. ಆಮೇಲೆ ಒಳಗೆ ಹೋಗಿ ಬೆರಳು ತೋರಿಸಿ ರೊಟ್ಟಿ ತರುವುದು. ಆಮೇಲೆ "ಎರಡು ರೊಟ್ಟಿ" ಎಂದು ಹೇಳುವುದು. ಮೊದಲ ದಿನ ಹೇಳಿ ಬಂದವಳ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು, ಡಿಸೆಂಬರ್ ಚಳಿಯಲ್ಲಿ. ಬಾಗಿಲಲ್ಲೇ ನಿಂತಿದ್ದ ಕಾಲಿಚಾ "ಶಭಾಷ್ ಕಣೇ" ಎಂದಳು. ಒಳಗಿನಿಂದ ಊರುಗೋಲು ಮೂರು ಸಲ ಕುಟ್ಟಿತು. ಹನ್ನೆರಡನೇ ದಿನ ಅಂಗಡಿಗೆ ಬಟ್ಟಲಲ್ಲಿ ಎರಡೇ ಕಾಳು. ಆಮೇಲೆ ಜನರ ಮಧ್ಯೆ ಎನೆ ಎಂದು ಕೂಗುವ ಮೆಟ್ಟಿಲೂ ದಾಟಿತು.

ಫೋನಿನ ಮೆಟ್ಟಿಲಿಗೆ ಬೆರ್ಮೆತ್ ಆಟ ಹೂಡಿದಳು. ಆಫ್ ಮಾಡಿದ ಫೋನು ಕೈಗೆ ಕೊಟ್ಟು, ತಾನು ಬೆನ್ನು ತಿರುಗಿಸಿ ಕೂತು "ಆಂಬುಲೆನ್ಸ್, ಹೇಳಿ" ಎನ್ನುವಳು. ಮೊದಲು ಅವಳೇ ಎರಡೂ ಪಾತ್ರ ಮಾಡಿ ತೋರಿಸಿದಳು. ಆಮೇಲೆ ಐಸುಲು ಚೀಟಿ ನೋಡಿ ಓದಿದಳು, ಆಮೇಲೆ ಚೀಟಿ ಇಲ್ಲದೆ ಹೇಳಿದಳು, ಆಮೇಲೆ ಪಕ್ಕದ ಕೋಣೆಯಿಂದ ನಿಜವಾದ ಫೋನಿನಲ್ಲಿ ಹೇಳಿದಳು. "ಯಾರ ಮನೆ" ಎಂದಾಗ "ಮಕ್ಸಾತ್ ಅವರದು" ಎನ್ನುವಳು. ಅಲ್ಲಿಗೆ ಏಣಿ ನಿಲ್ಲುತ್ತಿತ್ತು. ಒಂದು ಸಂಜೆ ತಾಶ್ತಾನ್ ಊರುಗೋಲಿನಿಂದ ತನ್ನ ಎದೆ ಮುಟ್ಟಿ ತೋರಿಸಿ, ಸೊಸೆಯ ಬಾಯಿಯ ಕಡೆ ತೋರಿಸಿದ. ನನ್ನ ಹೆಸರು ಹೇಳಲಿ ಎಂದು ಅರ್ಥ. ಕಾಲಿಚಾಗೆ ಅರ್ಥವಾಯಿತು, ಆಗದವಳಂತೆ ಎದ್ದು ಹೋದಳು.

ಫೆಬ್ರವರಿ ಕೊನೆ. ಮಕ್ಸಾತ್ ಲಾರಿಯ ಮೇಲಿದ್ದ. ಕಾಲಿಚಾ ನೆಲಮಾಳಿಗೆಯಿಂದ ಟೊಮ್ಯಾಟೊ ತುಂಬಿಟ್ಟ ಗಾಜಿನ ದೊಡ್ಡ ಭರಣಿ ತರಲು ಇಳಿದಳು. ಮೆಟ್ಟಿಲ ಮೇಲೆ ಮಂಜು ಗಡ್ಡೆ ಕಟ್ಟಿತ್ತು. ಕಾಲು ಜಾರಿತು. ಭರಣಿಯ ಸಮೇತ ಕೆಳಗೆ ಬಿದ್ದಳು. ಏಳಲು ನೋಡಿದಾಗ ಲಂಗವೆಲ್ಲ ಕೆಂಪು. ಅಯ್ಯೋ, ಒಂದು ಭರಣಿ ಟೊಮ್ಯಾಟೊ ಹಾಳಾಯಿತಲ್ಲ ಎಂದುಕೊಂಡಳು. ನೆಲಮಾಳಿಗೆಯ ಟೊಮ್ಯಾಟೊ ರಸ ಬೆಚ್ಚಗಿರುವುದಿಲ್ಲ ಎಂದು ಆಮೇಲೆ ಹೊಳೆಯಿತು. ತೊಡೆಯಲ್ಲಿ ಗಾಜು ಸೀಳಿದ ಗಾಯ, ರಕ್ತ ಬುಗ್ಗೆಯಂತೆ ಬರುತ್ತಿತ್ತು.

ಸದ್ದು ಕೇಳಿ ಐಸುಲು ಇಳಿದು ಬಂದಳು. ನೋಡಿ ಗೋಡೆ ಹಿಡಿದುಕೊಂಡಳು. ಆಮೇಲೆ ತನ್ನ ತಲೆವಸ್ತ್ರ ಬಿಚ್ಚಿ, ಮಡಿಸಿ, ಗಾಯದ ಮೇಲೆ ಇಟ್ಟು ಎರಡೂ ಕೈಯಿಂದ ಅದುಮಿದಳು. ಅತ್ತೆಯ ಕೈ ತೆಗೆದು ಅದರ ಮೇಲೆ ಇಟ್ಟಳು. "ಒತ್ತಿ ಹಿಡ್ಕೊಳ್ಳಿ, ಬಿಡಬೇಡಿ." ಜೇಬಿನಿಂದ ಫೋನು ತೆಗೆದು ನೂರಾ ಮೂರು ಒತ್ತಿ, ದನಿ ಜೋರು ಮಾಡಿ ಮೆಟ್ಟಿಲ ಮೇಲೆ ಇಟ್ಟು, ಮತ್ತೆ ಬಂದು ಅದುಮಿದಳು.

"ಆಂಬುಲೆನ್ಸ್, ಹೇಳಿ," ಎಂದಿತು ಫೋನು.

ಸದ್ದಿಲ್ಲ. ಕಾಲಿಚಾ ಹಳೇ ಅಭ್ಯಾಸದಿಂದ ತಾನೇ ಉತ್ತರ ಕೊಡಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕಣ್ಣು ಕತ್ತಲಿಟ್ಟಿತು. ಮುಗಿಯಿತು, ಗಂಡನಿಗಾದದ್ದೇ ತನಗೂ ಎಂದುಕೊಂಡಳು. ಆಗ ತಲೆಯ ಮೇಲೆ, ಬಿಸಿ ಚಹಾ ಆರಿಸುವಂತೆ, ಉದ್ದದ ಒಂದು ಉಸಿರು ಕೇಳಿಸಿತು.

"ನಮ್ಮತ್ತೆ ಬಿದ್ದಿದಾರೆ. ಗಾಜಿಂದ ತೊಡೆ ಕುಯ್ದಿದೆ. ರಕ್ತ ನಿಲ್ತಿಲ್ಲ, ಅದುಮಿ ಹಿಡಿದಿದೀನಿ. ಸಾರಿ-ಆರ್ಚಾ ಊರು."

"ಯಾರ ಮನೆ?"

"ಮಕ್ಸಾತ್ ಅವರದು."

"ಯಾವ ಮಕ್ಸಾತ್? ಆ ಊರಲ್ಲಿ ನಾಲ್ಕು ಜನ ಇದಾರೆ ಅಂತಿದಾನೆ ನಮ್ಮ ಡ್ರೈವರ್. ಮನೆ ಹಿರಿಯರ ಹೆಸರು ಹೇಳಿ."

ಮತ್ತೆ ಸದ್ದಿಲ್ಲ. ಇದೇ ಮೆಟ್ಟಿಲು. ಹುಡುಗಿ ಹತ್ತದ ಒಂದೇ ಮೆಟ್ಟಿಲು. ಅಡ್ಡ ನಿಂತು ಹತ್ತಲು ಬಿಡದವಳು ತಾನು. ಅವಳು ಸೊಸೆಯ ಮಣಿಕಟ್ಟು ಹಿಡಿದು, ಇದ್ದ ಶಕ್ತಿಯೆಲ್ಲ ಹಾಕಿ ಅಮುಕಿದಳು. ಹೇಳು ಎನ್ನಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ.

"ತಾಶ್ತಾನ್," ಎಂದಳು ಐಸುಲು. ಆಮೇಲೆ ಗಟ್ಟಿಯಾಗಿ, "ತಾಶ್ತಾನ್ ಅವರ ಮನೆ. ಹಳೇ ಗಿರಣಿ ದಾಟಿ ಎಡಕ್ಕೆ. ನೀಲಿ ಗೇಟು, ಕಲ್ಲಿನ ಗೋಡೆ."

ಕಲ್ಲು ಎಂದೂ ಹೇಳಿದಳು. ನೆಲಮಾಳಿಗೆಯ ಮೇಲಿನ ಕೋಣೆಯಿಂದ ಊರುಗೋಲು ನೆಲಕ್ಕೆ ಕುಟ್ಟಿದ ಸದ್ದು ಕೇಳಿಸಿತು. ಮೂರು ಸಲ. ನಿಂತು, ಮತ್ತೆ ಮೂರು ಸಲ.

ಇಪ್ಪತ್ತೈದು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಕಾಲಿಚಾ ಬದುಕಿದಳು. ಹದಿನೇಳು ಹೊಲಿಗೆ ಬಿದ್ದವು.

ನೋಡಲು ಬಂದ ಶರೀಪಾ ಹಾಸಿಗೆಯ ತುದಿಯಲ್ಲಿ ಕೂತು ದನಿ ತಗ್ಗಿಸಿದ್ದಳು. "ನಿನ್ನ ಸೊಸೆ ಮಾವನ ಹೆಸರು ಕೂಗಿದಳಂತೆ. ಊರೆಲ್ಲ ಅದೇ ಮಾತು."

"ಹೂಂ, ಕೂಗಿದಳು," ಎಂದಳು ಕಾಲಿಚಾ. "ಹೇಗೆ ಕೂಗಿದಳು ಅಂತ ಹೇಳ್ತೀನಿ ಕೂತ್ಕೋ." ಹಳೆಯ ಗಟ್ಟಿ ಕಥೆಯ ಜಾಗದಲ್ಲಿ ಅವಳಿಗೆ ಈಗ ಹೊಸ ಕಥೆ ಸಿಕ್ಕಿತ್ತು. ಅಡುಗೆಮನೆಯಿಂದ ಐಸುಲು ಬಟ್ಟಲು ಹಿಡಿದು ಬಂದು, "ಶರೀಪಾ ಏಜೆ, ಚಹಾ ತಗೊಳ್ಳಿ" ಎಂದಳು. ಫೋನಿನಲ್ಲಿ ಮಾತಾಡುವಾಗ ಎಷ್ಟು ಕಾಳಿತ್ತೇ ಎಂದು ಕಾಲಿಚಾ ಕೇಳಿದಳು.

"ಹತ್ತು ಇತ್ತು ಎನೆ. ಆದ್ರೂ ಹೇಳಿದೆ."

ಓದುತ್ತಿರುವ ಅಕ್ಕ, ಅಣ್ಣ, ಈಗ ನಿಮ್ಮ ಮನೆಯನ್ನೊಮ್ಮೆ ನೋಡಿಕೊಳ್ಳಿ. ಅಲ್ಲಿ ಯಾರ ಬದಲು ನೀವು ಉತ್ತರ ಕೊಡುತ್ತಿದ್ದೀರಿ? ಯಾರ ಹೆದರಿಕೆಗೆ ಒಳ್ಳೆಯತನ ಎಂದು ಹೆಸರಿಟ್ಟಿದ್ದೀರಿ? ಅವರನ್ನು ಬಯ್ಯಬೇಡಿ, ನಗಬೇಡಿ, ಜನರ ಮುಂದೆ ತಳ್ಳಬೇಡಿ, ಸೀಸ ಹುಯ್ಯಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಆಪ್ತಸಮಾಲೋಚನೆ ಎಲ್ಲಿ ಸಿಗುತ್ತದೆ ಎಂದು ಕೇಳಿ. ಒಂದು ಬಟ್ಟಲು, ಒಂದು ಹಿಡಿ ಕಾಳು ನಿಮ್ಮ ಅಡುಗೆಮನೆಯಲ್ಲೂ ಇದೆ. ಇವತ್ತು ಸಂಜೆ ಅವರ ಮುಂದೆ ಇಟ್ಟು, ಎಷ್ಟು ಎಂದು ಕೇಳಿ. ಕೇಳಿದ ಮೇಲೆ ಬಾಯಿಗೆ ಒಂದು ತುಂಡು ರೊಟ್ಟಿ ಹಾಕಿಕೊಂಡು, ಅವರು ಉತ್ತರ ಕೊಡುವವರೆಗೆ ಕಾಯಿರಿ.